ಆಂಟಿವೈರಸ್‌ನ ವರ್ಚುಯಲೈಸೇಶನ್ ಸ್ವಿಚ್, ಇಳಿಯದ ಸಿಪಿಯು: ಒಂದು ರಿಪೇರಿ ಲಾಗ್

ದೂರು ಬರುವುದು ಹೆಚ್ಚುಕಡಿಮೆ ಒಂದೇ ರೂಪದಲ್ಲಿ. ವಿಂಡೋಸ್ ಯಂತ್ರ ಸುಮ್ಮನೆ ಕೂತಿದ್ದರೂ ಫ್ಯಾನ್ ಜೋರಾಗಿ ತಿರುಗುತ್ತಿದೆ. ಟಾಸ್ಕ್ ಮ್ಯಾನೇಜರ್ ತೆರೆದರೆ ಆಂಟಿವೈರಸ್ ಸರ್ವಿಸ್ ಪಟ್ಟಿಯ ತಲೆಯಲ್ಲಿದೆ. ಯಂತ್ರದೊಳಗೆ ಇನ್ನೊಂದು ಯಂತ್ರವನ್ನು ಓಡಿಸುವ ವರ್ಚುಯಲ್‌ಬಾಕ್ಸ್ ಎಂಬ ಪ್ರೋಗ್ರಾಂನಲ್ಲಿರುವ ವರ್ಚುಯಲ್ ಮಷೀನ್ ಒಂದೋ ಶುರುವಾಗುವುದಿಲ್ಲ, ಶುರುವಾದರೆ ತೆವಳುತ್ತದೆ. ಆಂಟಿವೈರಸ್‌ನ ಸೆಟ್ಟಿಂಗ್‌ಗಳ ಒಳಗೆಲ್ಲೋ ಹಾರ್ಡ್‌ವೇರ್ ವರ್ಚುಯಲೈಸೇಶನ್ (ಇಂಥ ಮಷೀನ್ ಓಡಿಸಲು ಪ್ರೊಸೆಸರ್‌ನಲ್ಲೇ ಇರುವ ಸೌಲಭ್ಯ) ಬಳಸು ಎಂಬ ಟಿಕ್ ಇರುತ್ತದೆ. ಅದನ್ನು ತೆಗೆದರೆ ಎಲ್ಲ ಸರಿಹೋಗುತ್ತದೆ ಎಂದು ಯಾರೋ ಹೇಳಿರುತ್ತಾರೆ. ತೆಗೆದ ಮೇಲೆ ಎಷ್ಟೋ ಸಲ ಮಷೀನ್ ಶುರುವಾಗುತ್ತದೆ, ಸಿಪಿಯು ಮಾತ್ರ ಇದ್ದಲ್ಲೇ ಇರುತ್ತದೆ.

ಯಾಕೆಂದರೆ ಇವು ಎರಡು ಬೇರೆ ಬೇರೆ ಕಾಯಿಲೆಗಳು. ಪ್ರೊಸೆಸರ್‌ನ ವರ್ಚುಯಲೈಸೇಶನ್ ಯಾರ ಕೈಯಲ್ಲಿದೆ ಎನ್ನುವುದು ಒಂದು, ಸ್ಕ್ಯಾನರ್ ಯಾವ ಫೈಲಿನ ಮೇಲೆ ದುಡಿಯುತ್ತಿದೆ ಎನ್ನುವುದು ಇನ್ನೊಂದು. ಎರಡನ್ನೂ ಒಟ್ಟಿಗೆ ಕಟ್ಟಿ ಬಯೋಸ್‌ಗೆ (ವಿಂಡೋಸ್ ಏಳುವ ಮೊದಲಿನ ಸೆಟ್ಟಿಂಗ್ ಪರದೆ) ಹೋಗಿ ವರ್ಚುಯಲೈಸೇಶನ್ನನ್ನೇ ಆಫ್ ಮಾಡಿಬಿಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ವರ್ಚುಯಲ್ ಮಷೀನೂ ಹೋಗುತ್ತದೆ, ವಿಂಡೋಸ್‌ನ ತಿರುಳಾದ ಕರ್ನಲ್‌ನ ರಕ್ಷಣೆಯೂ ಹೋಗುತ್ತದೆ, ಸ್ಕ್ಯಾನರ್‌ನ ಹೊರೆ ಹಾಗೇ ಉಳಿಯುತ್ತದೆ.

ಲೆಕ್ಕಕ್ಕೆ ಹಿಡಿದ ಯಂತ್ರ: 4 ಕೋರ್, 8 ಥ್ರೆಡ್ (ಪ್ರೊಸೆಸರ್ ಒಂದೇ ಹೊತ್ತಿಗೆ ಓಡಿಸಬಲ್ಲ ಕೆಲಸದ ಸಾಲುಗಳು), 16 ಜಿಬಿ ಮೆಮೊರಿ, ವಿಂಡೋಸ್ 11, ಬೇರೆ ಕಂಪನಿಯ ಒಂದು ಆಂಟಿವೈರಸ್, ವರ್ಚುಯಲ್‌ಬಾಕ್ಸ್ 7. ಕೋರ್ ಎಷ್ಟೇ ಇದ್ದರೂ ಕ್ರಮ ಇದೇ.

ಏನನ್ನೂ ಮುಟ್ಟುವ ಮೊದಲು

ಮೊದಲು ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯೇ ನೋಡಿ. ಇದ್ದರೆ 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದೋ ಬೇರೆ ಸಾಧನದಲ್ಲಿ ಇಟ್ಟೋ ಮುಂದೆ ಹೋಗಿ. ಬಯೋಸ್ ಸೆಟ್ಟಿಂಗ್ ಅಥವಾ ಬೂಟ್ ಸೆಟ್ಟಿಂಗ್ ಬದಲಾದಾಗ ಮುಂದಿನ ಬೂಟ್‌ನಲ್ಲಿ ಯಂತ್ರ ಆ ಕೀ ಕೇಳಬಹುದು. ಆಗ ಹುಡುಕಲು ಕೂರುವುದು ಬೇಡ. ಜೊತೆಗೊಂದು ರಿಸ್ಟೋರ್ ಪಾಯಿಂಟ್ ಮಾಡಿಡಿ.

ಆಮೇಲೆ ಅಳತೆ. ರಿಸ್ಟಾರ್ಟ್ ಮಾಡಿ, ಲಾಗಿನ್ ಆಗಿ, 10 ನಿಮಿಷ ಬಿಡಿ. ಆರಂಭದ ಅಪ್‌ಡೇಟ್, ಇಂಡೆಕ್ಸಿಂಗ್ ಎಲ್ಲ ತಣ್ಣಗಾಗಲಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸಸ್ ಟ್ಯಾಬ್‌ನ ಅಂಕಿ ಮತ್ತು ಡೀಟೇಲ್ಸ್ ಟ್ಯಾಬ್‌ನ ಅಂಕಿ ಒಂದಕ್ಕೊಂದು ತಾಳೆಯಾಗದೇ ಇರಬಹುದು, ವಿಂಡೋಸ್‌ನ ಕೆಲವು ಆವೃತ್ತಿಗಳಲ್ಲಿ ಎರಡೂ ಲೆಕ್ಕ ಹಾಕುವ ರೀತಿ ಬೇರೆ. ಡೀಟೇಲ್ಸ್ ಹಿಡಿದರೆ ಕೊನೆಯವರೆಗೂ ಡೀಟೇಲ್ಸನ್ನೇ ನೋಡಿ.

ಅಂಕಿ ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿ ನಿಂತಿದೆ ಎನ್ನುವುದು ಹೆಚ್ಚು ಹೇಳುತ್ತದೆ. 8 ಥ್ರೆಡ್‌ನ ಯಂತ್ರದಲ್ಲಿ ಒಂದು ಥ್ರೆಡ್ ಪೂರ್ತಿ ತುಂಬಿದರೆ 100 ಭಾಗ 8, ಅಂದರೆ ಶೇ. 12.5. ಆಂಟಿವೈರಸ್ ಸರ್ವಿಸ್ 12, 13ರ ನಡುವೆ ಗಟ್ಟಿಯಾಗಿ ನಿಂತು ಕದಲದಿದ್ದರೆ ಒಂದೇ ಒಂದು ಥ್ರೆಡ್ ಎಲ್ಲೋ ಗಿರಕಿ ಹೊಡೆಯುತ್ತಿದೆ ಎಂದು ಅರ್ಥ: ಮುಗಿಯದ ದೊಡ್ಡ ಫೈಲ್, ಬಿಡಿಸಲಾಗದ ಆರ್ಕೈವ್, ಇಲ್ಲವೇ ಮತ್ತೆ ಮತ್ತೆ ಬರೆಯಲ್ಪಡುತ್ತಿರುವ ಒಂದು ಲಾಗ್. ಅದೇ 25ರಲ್ಲಿ ನಿಂತರೆ ಎರಡು ಥ್ರೆಡ್. 20ರಿಂದ 60ರ ನಡುವೆ ಏರಿಳಿಯುತ್ತಿದ್ದರೆ ಅದು ಸ್ಕ್ಯಾನ್ ಓಡುತ್ತಿರುವ ಚಹರೆ. 16 ಥ್ರೆಡ್‌ನ ಯಂತ್ರದಲ್ಲಿ ಇದೇ ಗಿರಕಿ ಬರೀ ಶೇ. 6.25 ಎಂದು ಕಾಣುತ್ತದೆ, ಅಲ್ಲಿ ಕಣ್ಣು ತಪ್ಪುವುದು ಸುಲಭ.

ಕೊನೆಗೊಂದು ಗಡಿಯಾರದ ಪರೀಕ್ಷೆ. ಕೆಲವು ಸಾವಿರ ಚಿಕ್ಕ ಫೈಲ್‌ಗಳಿರುವ ಒಂದು ಜಿಪ್ ಇಟ್ಟುಕೊಳ್ಳಿ. ಖಾಲಿ ಫೋಲ್ಡರ್‌ಗೆ ಅದನ್ನು ಬಿಡಿಸಲು ಎಷ್ಟು ಸೆಕೆಂಡ್ ಬೇಕು ಎಂದು 4 ಸಲ ನೋಡಿ. ಮೊದಲ ಸಲದ್ದನ್ನು ಬಿಟ್ಟುಬಿಡಿ, ಆಗ ಕ್ಯಾಶೆ ತುಂಬಿರುವುದಿಲ್ಲ. ಉಳಿದ 3ರ ಸರಾಸರಿ ಬರೆದಿಡಿ. ಈ ಪರೀಕ್ಷೆ ಯಾಕೆ ಬೇಕೇ ಬೇಕು ಎನ್ನುವುದು ಮುಂದೆ ಸ್ಪಷ್ಟವಾಗುತ್ತದೆ.

ಪ್ರೊಸೆಸರ್ ಯಾರ ಕೈಯಲ್ಲಿದೆ

ಇಂಟೆಲ್‌ನಲ್ಲಿ ವಿಟಿ-ಎಕ್ಸ್, ಎಎಂಡಿಯಲ್ಲಿ ಎಎಂಡಿ-ವಿ. ಬಯೋಸ್‌ನಲ್ಲಿ ಎಎಂಡಿಯದು ಎಸ್‌ವಿಎಂ ಮೋಡ್ ಎಂಬ ಹೆಸರಲ್ಲಿ ಸಿಗುತ್ತದೆ. ವಿಟಿ-ಡಿ ಬೇರೆಯೇ ವಿಷಯ, ಅದು ಸಾಧನಗಳ ಮೆಮೊರಿ ಪ್ರವೇಶಕ್ಕೆ ಸಂಬಂಧಿಸಿದ್ದು. ಇಲ್ಲಿ ಅದನ್ನು ಮುಟ್ಟಬೇಡಿ.

ವಿಟಿ-ಎಕ್ಸ್‌ನ ನಿಯಮ ಒಂದೇ ಸಾಲಿನದು: ಒಂದು ಲಾಜಿಕಲ್ ಪ್ರೊಸೆಸರ್‌ನ (ಅಂದರೆ ಒಂದು ಥ್ರೆಡ್‌ನ) ರೂಟ್ ಮೋಡ್‌ನಲ್ಲಿ, ಅಂದರೆ ಪೂರ್ತಿ ಹಿಡಿತದ ಸ್ಥಾನದಲ್ಲಿ, ಒಂದು ಸಮಯಕ್ಕೆ ಒಬ್ಬನೇ ಯಜಮಾನ. ಈ ಯಜಮಾನನ ಹೆಸರೇ ಹೈಪರ್‌ವೈಸರ್. ಮೊದಲು ಬಂದವನು ಹಿಡಿದುಕೊಳ್ಳುತ್ತಾನೆ. ವಿಂಡೋಸ್‌ನದೇ ಹೈಪರ್‌ವೈಸರ್ ಆದ ಹೈಪರ್-ವಿ ಕರ್ನಲ್‌ಗಿಂತ ಮೊದಲೇ ಏಳುತ್ತದೆ. ಆಂಟಿವೈರಸ್‌ನ ಡ್ರೈವರ್ ಬೂಟ್ ಹೊತ್ತಿನಲ್ಲಿ ಏಳುತ್ತದೆ. ವರ್ಚುಯಲ್‌ಬಾಕ್ಸ್ ನೀವು ಮಷೀನ್ ಆನ್ ಮಾಡಿದಾಗ. ಸರದಿಯಲ್ಲಿ ಯಾವಾಗಲೂ ಹಿಂದೆ ನಿಲ್ಲುವುದು ವರ್ಚುಯಲ್‌ಬಾಕ್ಸೇ.

ಆಂಟಿವೈರಸ್‌ಗೆ ಇದು ಯಾತಕ್ಕೆ ಎಂದರೆ, 64 ಬಿಟ್ ವಿಂಡೋಸ್‌ನಲ್ಲಿ ಪ್ಯಾಚ್‌ಗಾರ್ಡ್ ಇದೆ. ಕರ್ನಲ್‌ನ ಸಿಸ್ಟಂ ಕಾಲ್ ಪಟ್ಟಿಗೆ ಕೈ ಹಾಕಿದ ಯಾವ ಡ್ರೈವರ್‌ನನ್ನೂ ಅದು ಸಹಿಸುವುದಿಲ್ಲ, ಯಂತ್ರವನ್ನೇ ನೀಲಿ ಪರದೆಗೆ ತಳ್ಳುತ್ತದೆ. ಹಾಗಾಗಿ ಸ್ಕ್ರೀನ್‌ಶಾಟ್ ಕದಿಯುವುದನ್ನು ತಡೆಯಲು, ತನ್ನ ಪ್ರಕ್ರಿಯೆಯ ಮೆಮೊರಿ ಕಾಪಾಡಿಕೊಳ್ಳಲು, ಅನುಮಾನದ ಫೈಲನ್ನು ಪ್ರತ್ಯೇಕವಾಗಿ ಓಡಿಸಿ ನೋಡಲು ಕೆಲವು ಆಂಟಿವೈರಸ್‌ಗಳು ಕರ್ನಲ್‌ನ ಅಡಿಯಿಂದ ಬರುತ್ತವೆ. ಬ್ಯಾಂಕಿಂಗ್‌ಗೆಂದು ಕೊಡುವ ಸುರಕ್ಷಿತ ಬ್ರೌಸರ್ ಈ ಸೌಲಭ್ಯವನ್ನು ಮುಖ್ಯವಾಗಿ ಬಳಸುವ ಜಾಗ. ಟಿಕ್ ತೆಗೆದರೆ ಫೈಲ್ ಸ್ಕ್ಯಾನಿಂಗ್ ನಿಲ್ಲುವುದಿಲ್ಲ, ಈ ಹೆಚ್ಚುವರಿ ಪದರಗಳು ತೆಳುವಾಗುತ್ತವೆ. ಆ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ನಡೆಯುತ್ತಿದ್ದರೆ ಇದನ್ನು ಬಳಸುವವರಿಗೆ ಹೇಳಿಯೇ ತೆಗೆಯಬೇಕು.

ಯಜಮಾನ ಯಾರೆಂದು ಪತ್ತೆ ಮಾಡುವುದು ಹೀಗೆ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಸಿಪಿಯು ಒತ್ತಿದರೆ ವರ್ಚುಯಲೈಸೇಶನ್ ಎನೇಬಲ್ಡ್ ಎಂದು ಕಾಣುತ್ತದೆ. ಇದು ಹೇಳುವುದು ಬಯೋಸ್‌ನಲ್ಲಿ ಬಾಗಿಲು ತೆರೆದಿದೆ ಎಂದಷ್ಟೇ, ಒಳಗೆ ಯಾರಿದ್ದಾರೆ ಎಂದಲ್ಲ. ಅದಕ್ಕೆ ವಿಂಡೋಸ್ ಕೀ ಜೊತೆ ಆರ್ ಒತ್ತಿ ಎಂಎಸ್‌ಇನ್ಫೋ32 (msinfo32) ಓಡಿಸಿ. ಸಿಸ್ಟಂ ಸಮರಿಯ ಕೆಳಭಾಗದಲ್ಲಿ ಹೈಪರ್‌ವೈಸರ್ ಪತ್ತೆಯಾಗಿದೆ ಎಂಬ ಸಾಲು, ಮತ್ತು ವರ್ಚುಯಲೈಸೇಶನ್ ಬೇಸ್ಡ್ ಸೆಕ್ಯುರಿಟಿ ಎದುರು ರನ್ನಿಂಗ್ ಎಂಬ ಪದ ಇದ್ದರೆ ಯಜಮಾನ ವಿಂಡೋಸೇ. ಇನ್ನೂ ಖಾತ್ರಿ ಬೇಕಿದ್ದರೆ ಪರ್ಫಾರ್ಮೆನ್ಸ್ ಮಾನಿಟರ್‌ನಲ್ಲಿ ಹೈಪರ್-ವಿ ಹೈಪರ್‌ವೈಸರ್ ಲಾಜಿಕಲ್ ಪ್ರೊಸೆಸರ್ ಗುಂಪಿನ ಕೌಂಟರ್‌ಗಳನ್ನು ಸೇರಿಸಿ. ಅಂಕಿ ಓಡುತ್ತಿದ್ದರೆ ಅನುಮಾನವಿಲ್ಲ.

ವರ್ಚುಯಲ್‌ಬಾಕ್ಸ್ ಕೊಡುವ ದೋಷದ ಬಾಲವನ್ನೂ ಓದಿ. ಕೊನೆಯಲ್ಲಿ ‘ಎಂಎಸ್‌ಆರ್ ಆಲ್ ವಿಎಂಎಕ್ಸ್ ಡಿಸೇಬಲ್ಡ್’ ಇದ್ದರೆ ಬಯೋಸ್‌ನಲ್ಲೇ ಬಾಗಿಲು ಹಾಕಿದೆ. ‘ಇನ್ ವಿಎಂಎಕ್ಸ್ ರೂಟ್ ಮೋಡ್’ ಎಂದಿದ್ದರೆ ಬೇರೊಂದು ಹೈಪರ್‌ವೈಸರ್ ಮೊದಲೇ ಒಳಗೆ ಕೂತಿದೆ. ಎಂಎಸ್‌ಇನ್ಫೋದಲ್ಲಿ ಹೈಪರ್-ವಿ ಕಾಣದೆ ಈ ದೋಷ ಬಂದರೆ ಆಂಟಿವೈರಸ್ ಮೇಲೆ ಬೆರಳಿಡಬಹುದು. ಮಷೀನ್ ಶುರುವಾಗಿ, ಕಿಟಕಿಯ ಬಲ ಕೆಳಮೂಲೆಯಲ್ಲಿ ಹಸಿರು ಆಮೆಯ ಚಿತ್ರ ಕಂಡರೆ ವರ್ಚುಯಲ್‌ಬಾಕ್ಸ್ ಹೈಪರ್-ವಿಯ ಬೆನ್ನೇರಿ ಸಾಗುತ್ತಿದೆ. ನಿಧಾನಕ್ಕೆ ಕಾರಣ ಅದೇ, ಆಂಟಿವೈರಸ್ ಅಲ್ಲ.

ಇಲ್ಲೇ ಬಹಳ ಜನ ಎಡವುತ್ತಾರೆ. ಹೈಪರ್-ವಿ ಎದ್ದಿರುವ ಯಂತ್ರದಲ್ಲಿ ಆಂಟಿವೈರಸ್‌ನ ಸ್ವಂತ ಹೈಪರ್‌ವೈಸರ್‌ಗೆ ರೂಟ್ ಮೋಡ್ ಸಿಗುವುದೇ ಇಲ್ಲ, ಟಿಕ್ ಹಾಕಿದ್ದರೂ. ಇಲ್ಲದ ಹೈಪರ್‌ವೈಸರ್‌ನ ಟಿಕ್ ತೆಗೆದರೆ ಏನೂ ಬದಲಾಗದು. ಟಿಕ್ ತೆಗೆದರೂ ಪ್ರಯೋಜನವಾಗಲಿಲ್ಲ ಎಂಬ ದೂರಿನ ಹಿಂದೆ ಇದೇ ಇದೆಯೇ ಎಂದು ಮೊದಲು ನೋಡಿ.

ಟಿಕ್ ತೆಗೆಯುವ ಸರಿಯಾದ ರೀತಿ

ಆಂಟಿವೈರಸ್‌ನದೇ ಸೆಟ್ಟಿಂಗ್‌ನಿಂದ ತೆಗೆಯಿರಿ. ಟ್ರಬಲ್‌ಶೂಟಿಂಗ್, ಅಡಿಷನಲ್, ಸೆಲ್ಫ್ ಡಿಫೆನ್ಸ್ ಇಂಥ ಹೆಸರಿನ ವಿಭಾಗದಲ್ಲಿರುತ್ತದೆ. ರಿಜಿಸ್ಟ್ರಿಯಲ್ಲಿ ಅದರ ಡ್ರೈವರನ್ನು ನಿಲ್ಲಿಸಲು ಹೋಗಬೇಡಿ. ಆತ್ಮರಕ್ಷಣೆಯ ಭಾಗ ಅದನ್ನು ತಡೆಯುತ್ತದೆ, ತಡೆಯದಿದ್ದರೆ ಅರ್ಧಂಬರ್ಧ ಎದ್ದ ಆಂಟಿವೈರಸ್ ಉಳಿಯುತ್ತದೆ, ಅದು ಇನ್ನೂ ಕೆಟ್ಟದ್ದು.

ತೆಗೆದ ಮೇಲೆ ರಿಸ್ಟಾರ್ಟ್ ಒತ್ತಬೇಕು, ಶಟ್ ಡೌನ್ ಅಲ್ಲ. ಫಾಸ್ಟ್ ಸ್ಟಾರ್ಟಪ್ ಆನ್ ಇರುವ ವಿಂಡೋಸ್‌ನಲ್ಲಿ ಶಟ್ ಡೌನ್ ಎಂದರೆ ಕರ್ನಲ್‌ನ ಸ್ಥಿತಿಯನ್ನು ಡಿಸ್ಕ್‌ಗೆ ಬರೆದು ಮಲಗಿಸುವುದು. ಬೆಳಿಗ್ಗೆ ಆನ್ ಮಾಡಿದಾಗ ಎದ್ದು ಬರುವುದು ಅದೇ ಹಳೆಯ ಕರ್ನಲ್, ಅದೇ ಡ್ರೈವರ್‌ಗಳು. ರಿಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಎಬ್ಬಿಸುತ್ತದೆ. ಬಯೋಸ್‌ನಲ್ಲಿ ವಿಟಿ-ಎಕ್ಸ್ ಬದಲಿಸಿದ್ದರೆ ಶಿಫ್ಟ್ ಹಿಡಿದು ಶಟ್ ಡೌನ್ ಒತ್ತಿ ಪೂರ್ತಿ ಆರಿಸಿ, ಆಮೇಲೆ ಆನ್ ಮಾಡುವುದು ಒಳ್ಳೆಯದು.

ಈಗ ಗಡಿಯಾರದ ಪರೀಕ್ಷೆಯನ್ನು ಮತ್ತೆ ಮಾಡಿ. ಇದಕ್ಕೆ ಕಾರಣವಿದೆ. ಹೈಪರ್‌ವೈಸರ್‌ನ ಕೆಲಸ ಟಾಸ್ಕ್ ಮ್ಯಾನೇಜರ್‌ನ ಯಾವ ಪ್ರಕ್ರಿಯೆಯ ಹೆಸರಿನಲ್ಲೂ ಕಾಣುವುದಿಲ್ಲ. ತಡೆಹಿಡಿಯಬೇಕಾದ ಸೂಚನೆ ಬಂದಾಗ ಪ್ರೊಸೆಸರ್ ವಿಂಡೋಸ್‌ನಿಂದ ಹೊರಬಂದು ಹೈಪರ್‌ವೈಸರ್‌ಗೆ ಹೋಗಿ ಮರಳುತ್ತದೆ. ಆ ಹೊತ್ತು ಆ ಕ್ಷಣದಲ್ಲಿ ಓಡುತ್ತಿದ್ದ ಪ್ರಕ್ರಿಯೆಯ ಖಾತೆಗೇ ಬೀಳುತ್ತದೆ. ಆಂಟಿವೈರಸ್‌ನ ಸಾಲಿನಲ್ಲಿ ಶೇ. 0 ಇದ್ದು, ಬ್ರೌಸರ್, ಕಂಪೈಲರ್, ಎಲ್ಲವೂ ತುಸು ಭಾರವಾಗಿ ಕಂಡರೆ ಇದರ ಗುರುತು. ಇದನ್ನು ಹಿಡಿಯಲು ಗಡಿಯಾರವೇ ಬೇಕು. ವಿಲೋಮವೂ ನಿಜ: ಆಂಟಿವೈರಸ್ ಸರ್ವಿಸ್‌ನ ಸಾಲೇ ಮೇಲಿದ್ದರೆ ಅದು ಸ್ಕ್ಯಾನರ್‌ನ ಕೆಲಸ, ಈ ಟಿಕ್‌ನದ್ದಲ್ಲ.

ಯಜಮಾನ ವಿಂಡೋಸ್ ಆಗಿದ್ದರೆ

ವಿಂಡೋಸ್ ಸೆಕ್ಯುರಿಟಿ ತೆರೆದು ಡಿವೈಸ್ ಸೆಕ್ಯುರಿಟಿ, ಅಲ್ಲಿಂದ ಕೋರ್ ಐಸೊಲೇಶನ್ ಡೀಟೇಲ್ಸ್, ಅಲ್ಲಿ ಮೆಮೊರಿ ಇಂಟೆಗ್ರಿಟಿ. ಯಂತ್ರ ಹೊಂದುವಂತಿದ್ದರೆ ಹೊಸದಾಗಿ ಹಾಕಿದ ವಿಂಡೋಸ್ 11ರಲ್ಲಿ ಇದು ತಾನಾಗಿಯೇ ಆನ್ ಇರುತ್ತದೆ. ಇದರ ಭಾರ ಪ್ರೊಸೆಸರ್‌ನ ತಲೆಮಾರಿನ ಮೇಲೆ ನಿಂತಿದೆ. ಇಂಟೆಲ್‌ನ 7ನೇ ತಲೆಮಾರು, ಅಂದರೆ ಕೇಬಿ ಲೇಕ್‌ನಿಂದ ಈಚೆಗೆ, ಎಎಂಡಿಯಲ್ಲಿ ಜೆನ್ 2ರಿಂದ ಈಚೆಗೆ, ಇದಕ್ಕೆ ಬೇಕಾದ ಬೆಂಬಲ ಸಿಲಿಕಾನ್‌ನಲ್ಲೇ ಇದೆ. ಅದಕ್ಕೂ ಹಳೆಯ ಪ್ರೊಸೆಸರ್‌ಗಳಲ್ಲಿ ಅದೇ ಕೆಲಸವನ್ನು ಸಾಫ್ಟ್‌ವೇರ್ ಅನುಕರಿಸುತ್ತದೆ, ಭಾರ ಹೆಚ್ಚು. ಹೊಸ ಪ್ರೊಸೆಸರ್‌ನಲ್ಲಿ ಇದನ್ನು ಆಫ್ ಮಾಡಬೇಡಿ. ಕರ್ನಲ್‌ಗೆ ಕಳ್ಳ ಡ್ರೈವರ್ ನುಗ್ಗುವುದನ್ನು ತಡೆಯುವ ಇಷ್ಟು ಗಟ್ಟಿಯಾದ ಬೇಲಿ ಬೇರೆ ಇಲ್ಲ. ಹಳೆಯ ಪ್ರೊಸೆಸರ್‌ನಲ್ಲಿ ಗಡಿಯಾರದ ಅಂಕಿ ನೋಡಿ ನಿರ್ಧರಿಸಿ.

ಮೆಮೊರಿ ಇಂಟೆಗ್ರಿಟಿ ಆಫ್ ಇದ್ದೂ ಎಂಎಸ್‌ಇನ್ಫೋದಲ್ಲಿ ಹೈಪರ್‌ವೈಸರ್ ಸಾಲು ಹೋಗದಿದ್ದರೆ ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್ ಪಟ್ಟಿಯಲ್ಲಿ ನಾಲ್ಕು ಹೆಸರು ಹುಡುಕಿ: ಹೈಪರ್-ವಿ, ವರ್ಚುಯಲ್ ಮಷೀನ್ ಪ್ಲಾಟ್‌ಫಾರ್ಮ್, ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್, ವಿಂಡೋಸ್ ಸ್ಯಾಂಡ್‌ಬಾಕ್ಸ್. ಲಿನಕ್ಸ್‌ಗಾಗಿ ಡಬ್ಲ್ಯುಎಸ್‌ಎಲ್ 2 ಬಳಸುವವರಿಗೆ ಎರಡನೆಯದು ಬೇಕೇ ಬೇಕು, ತೆಗೆದರೆ ಅದು ನಿಲ್ಲುತ್ತದೆ.

ಒಂದು ಪರೀಕ್ಷೆಗಾಗಿ ಮಾತ್ರ ಹೈಪರ್-ವಿಯನ್ನು ಮಲಗಿಸಬೇಕಿದ್ದರೆ ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಬಿಸಿಡಿಎಡಿಟ್ ಆಜ್ಞೆಯಿಂದ ಹೈಪರ್‌ವೈಸರ್‌ಲಾಂಚ್‌ಟೈಪ್ ಅನ್ನು ಆಫ್‌ಗೆ ಸೆಟ್ ಮಾಡಿ (bcdedit /set hypervisorlaunchtype off) ರಿಸ್ಟಾರ್ಟ್ ಮಾಡಿ. ಪರೀಕ್ಷೆ ಮುಗಿದೊಡನೆ ಆಫ್ ಇದ್ದ ಜಾಗಕ್ಕೆ ಆಟೋ ಹಾಕಿ ಮತ್ತೆ ರಿಸ್ಟಾರ್ಟ್. ಇದನ್ನು ವಾಪಸ್ ಮಾಡಲು ಮರೆತು ಡಬ್ಲ್ಯುಎಸ್‌ಎಲ್ ಕೆಟ್ಟಿದೆ ಎಂದು ವಿಂಡೋಸನ್ನೇ ಮತ್ತೆ ಹಾಕುವವರಿದ್ದಾರೆ. ಕಾಗದದಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿ.

ಇನ್ನು ಸಿಪಿಯು

ಮೊದಲು ಸ್ಕ್ಯಾನ್ ಓಡುತ್ತಿದೆಯೇ ನೋಡಿ. ಇದಕ್ಕೊಂದು ಸುಲಭದ ಗುರುತಿದೆ. ಬೇರೆ ಆಂಟಿವೈರಸ್ ಇಲ್ಲದೆ ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ಓಡುತ್ತಿದ್ದರೆ, ಅದರ ನಿಗದಿತ ಸ್ಕ್ಯಾನ್ ಯಂತ್ರ ಬಿಡುವಾಗಿರುವಾಗ ಶುರುವಾಗುವಂತಿದೆ. ಯಾರೂ ಮುಟ್ಟದಿದ್ದಾಗ ಫ್ಯಾನ್ ಏರಿ, ಮೌಸ್ ಅಲ್ಲಾಡಿಸಿದ ಸ್ವಲ್ಪ ಹೊತ್ತಿಗೆ ಸದ್ದು ಇಳಿದರೆ ಅದೇ. ಬಿಡುವಿನ ಹೊತ್ತಿನ ಸ್ಕ್ಯಾನ್‌ಗೆ ಪೂರ್ವನಿಯೋಜಿತವಾಗಿ ಸಿಪಿಯು ಮಿತಿ ಇರುವುದಿಲ್ಲ. ಬೇರೆ ಹೊತ್ತಿನಲ್ಲಿ ಮಿತಿ ಶೇ. 50, ಅದೂ ಸರಾಸರಿಯ ಗುರಿಯೇ ಹೊರತು ಕಟ್ಟುನಿಟ್ಟಿನ ಗೆರೆಯಲ್ಲ. ಮಧ್ಯದಲ್ಲಿ 70 ಕಂಡರೆ ಗಾಬರಿ ಬೇಡ. ಪವರ್‌ಶೆಲ್‌ನ ಸೆಟ್-ಎಂಪಿಪ್ರಿಫರೆನ್ಸ್ (Set-MpPreference) ಆಜ್ಞೆಯಲ್ಲಿ ಸ್ಕ್ಯಾನ್‌ಎವಿಜಿಸಿಪಿಯುಲೋಡ್‌ಫ್ಯಾಕ್ಟರ್‌ಗೆ (ScanAvgCPULoadFactor) 5ರಿಂದ 100ರವರೆಗೆ ಕೊಡಬಹುದು. 20, 30 ಕೊಟ್ಟರೆ ಸಾಕು. 5 ಕೊಟ್ಟರೆ ಸ್ಕ್ಯಾನ್ ಮುಗಿಯುವುದೇ ಇಲ್ಲ ಎನ್ನುವಷ್ಟು ಎಳೆಯುತ್ತದೆ. 0 ಕೊಡಬೇಡಿ, ಅಲ್ಲಿ 0 ಎಂದರೆ ಮಿತಿಯೇ ಇಲ್ಲ ಎಂದರ್ಥ. ಈ ಸೆಟ್ಟಿಂಗ್ ನಿಗದಿತ ಸ್ಕ್ಯಾನ್‌ಗಳಿಗಾಗಿ ಇರುವುದು, ರಿಯಲ್ ಟೈಮ್ ರಕ್ಷಣೆಯ ಹೊರೆ ಇದರಿಂದ ಇಳಿಯದು.

ಸ್ಕ್ಯಾನ್ ಓಡುತ್ತಿಲ್ಲ, ಆದರೂ ಅಂಕಿ ಮೇಲಿದೆ. ಆಗ ರಿಯಲ್ ಟೈಮ್ ರಕ್ಷಣೆ ಯಾವುದೋ ಫೈಲ್ ಪ್ರವಾಹದ ಮೇಲೆ ಬಿದ್ದಿದೆ. ರಿಸೋರ್ಸ್ ಮಾನಿಟರ್ ತೆರೆದು ಡಿಸ್ಕ್ ಟ್ಯಾಬ್‌ನಲ್ಲಿ ಆಂಟಿವೈರಸ್ ಸರ್ವಿಸ್‌ಗೆ ಟಿಕ್ ಹಾಕಿ. ಕೆಳಗಿನ ಪಟ್ಟಿಯಲ್ಲಿ ಅದು ಆ ಕ್ಷಣ ಓದುತ್ತಿರುವ ಫೈಲ್‌ನ ಪೂರ್ತಿ ದಾರಿ ಬರುತ್ತದೆ. ಎರಡು ನಿಮಿಷ ಕಣ್ಣಿಟ್ಟರೆ ಒಂದೇ ಫೋಲ್ಡರ್ ಮತ್ತೆ ಮತ್ತೆ ಮೇಲಕ್ಕೆ ಬರುವುದು ಕಾಣುತ್ತದೆ. ಸಿಕ್ಕಿಬೀಳುವವು ಹೆಚ್ಚಾಗಿ ವರ್ಚುಯಲ್ ಡಿಸ್ಕ್ ಫೈಲ್‌ಗಳು, ಡೇಟಾಬೇಸ್‌ಗಳು, ಮೇಲ್ ಸಂಗ್ರಹ, ಕೋಡ್ ಬಿಲ್ಡ್ ಆಗುವ ಫೋಲ್ಡರ್, ನಿಲ್ಲದೆ ಬೆಳೆಯುವ ಲಾಗ್‌ಗಳು.

ಡಿಫೆಂಡರ್ ಇದ್ದರೆ ಇನ್ನೂ ಖಚಿತವಾದ ಸಾಧನ ಅದರಲ್ಲೇ ಇದೆ. ಅಡ್ಮಿನಿಸ್ಟ್ರೇಟರ್ ಪವರ್‌ಶೆಲ್‌ನಲ್ಲಿ ನ್ಯೂ-ಎಂಪಿಪರ್ಫಾರ್ಮೆನ್ಸ್‌ರೆಕಾರ್ಡಿಂಗ್ (New-MpPerformanceRecording) ಆಜ್ಞೆಗೆ ರೆಕಾರ್ಡ್‌ಟು (-RecordTo) ಎಂದು ಒಂದು ಇಟಿಎಲ್ ಫೈಲ್‌ನ ಹೆಸರು ಕೊಡಿ. ತೊಂದರೆ ಕೊಡುವ ಕೆಲಸವನ್ನು ಮಾಡಿ, 3ರಿಂದ 5 ನಿಮಿಷ ಸಾಕು, ಎಂಟರ್ ಒತ್ತಿ ನಿಲ್ಲಿಸಿ. ನಂತರ ಗೆಟ್-ಎಂಪಿಪರ್ಫಾರ್ಮೆನ್ಸ್‌ರಿಪೋರ್ಟ್‌ಗೆ (Get-MpPerformanceReport) ಅದೇ ಫೈಲ್ ಕೊಟ್ಟು ಟಾಪ್‌ಫೈಲ್ಸ್ 10, ಟಾಪ್‌ಪ್ರೊಸೆಸಸ್ 10 (-TopFiles 10 -TopProcesses 10) ಎಂದು ಕೇಳಿ. ಯಾವ ಫೈಲ್‌ನ ಸ್ಕ್ಯಾನ್ ಎಷ್ಟು ಹೊತ್ತು ತಿಂದಿತು, ಯಾವ ಪ್ರೋಗ್ರಾಂ ಆ ಸ್ಕ್ಯಾನ್‌ಗಳನ್ನು ಎಬ್ಬಿಸಿತು ಎಂಬುದು ಸಾಲಾಗಿ ಬರುತ್ತದೆ. ಊಹೆಯ ಮೇಲೆ ವಿನಾಯಿತಿ (ಇದನ್ನು ಸ್ಕ್ಯಾನ್ ಮಾಡಬೇಡ ಎಂಬ ಸೂಚನೆ) ಕೊಡುವುದಕ್ಕೂ ಈ ಪಟ್ಟಿ ನೋಡಿ ಕೊಡುವುದಕ್ಕೂ ಅಜಗಜಾಂತರ.

ವಿನಾಯಿತಿ ಆದಷ್ಟು ಚಿಕ್ಕದಿರಲಿ. ವರ್ಚುಯಲ್ ಡಿಸ್ಕ್‌ಗಳನ್ನು ಅವುಗಳದೇ ಒಂದು ಫೋಲ್ಡರ್‌ಗೆ ಸರಿಸಿ ಆ ಫೋಲ್ಡರ್‌ಗಷ್ಟೇ ಕೊಡಿ. ಡೌನ್‌ಲೋಡ್ಸ್, ಟೆಂಪ್, ಇಡೀ ಡ್ರೈವ್, ಎಕ್ಸ್‌ಇ ವಿಸ್ತರಣೆ ಇವಕ್ಕೆ ಯಾವ ಕಾರಣಕ್ಕೂ ಬೇಡ. ಡಿಫೆಂಡರ್‌ನಲ್ಲಿ ಪ್ರಕ್ರಿಯೆಗೆ ಕೊಡುವ ವಿನಾಯಿತಿ ಆ ಪ್ರಕ್ರಿಯೆ ತೆರೆಯುವ ಫೈಲ್‌ಗಳಿಗೆ ಅನ್ವಯಿಸುತ್ತದೆ, ಆ ಎಕ್ಸ್‌ಇ ಫೈಲ್‌ಗೇ ಅಲ್ಲ. ಇದು ತಿಳಿಯದೆ ಬ್ರೌಸರ್‌ಗೆ ವಿನಾಯಿತಿ ಕೊಟ್ಟರೆ ಬ್ರೌಸರ್ ಇಳಿಸುವ ಫೈಲ್‌ಗಳೂ ಆ ಹೊತ್ತಿನ ತಪಾಸಣೆಯಿಂದ ಪಾರಾಗುತ್ತವೆ. ಡಿಸ್ಕ್ ಫೋಲ್ಡರ್‌ಗೆ ವಿನಾಯಿತಿ ಕೊಟ್ಟ ಮೇಲೆ ಒಳಗಿನ ಮಷೀನ್ ತನ್ನ ರಕ್ಷಣೆಯನ್ನು ತಾನೇ ನೋಡಿಕೊಳ್ಳಬೇಕು. ಒಳಗೊಂದು ಆಂಟಿವೈರಸ್, ಹೊರಗೆ ಅದೇ ಡಿಸ್ಕ್ ಫೈಲಿನ ಮೇಲೆ ಇನ್ನೊಂದು ಇದ್ದಾಗ ಒಳಗೆ ಒಂದು ಫೈಲ್ ಬರೆದರೂ ಎರಡೂ ಕಡೆ ಕೆಲಸ ಏಳುತ್ತದೆ.

ಇನ್ನೊಂದು ಸಾಧ್ಯತೆ, ಎರಡು ಎಂಜಿನ್‌ಗಳು ಒಟ್ಟಿಗೆ ಓಡುತ್ತಿರುವುದು. ಬೇರೆ ಆಂಟಿವೈರಸ್ ನೋಂದಾಯಿಸಿಕೊಂಡರೆ ಡಿಫೆಂಡರ್ ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಆದರೆ ಹಿಂದೆ ತೆಗೆದುಹಾಕಿದ ಆಂಟಿವೈರಸ್‌ನ ಫಿಲ್ಟರ್ ಡ್ರೈವರ್ (ಫೈಲ್ ಕೆಲಸಗಳನ್ನು ನಡುವೆ ನಿಂತು ನೋಡುವ ಡ್ರೈವರ್) ಉಳಿದಿರಬಹುದು. ಎಫ್‌ಎಲ್‌ಟಿಎಂಸಿ (fltmc) ಆಜ್ಞೆ ಓಡಿಸಿದರೆ ಫಿಲ್ಟರ್‌ಗಳ ಪಟ್ಟಿ, ಎದುರಿಗೆ ಸಾಲಿನಲ್ಲಿ ಅದರ ಸ್ಥಾನ ಹೇಳುವ ಆಲ್ಟಿಟ್ಯೂಡ್ ಸಂಖ್ಯೆ ಬರುತ್ತದೆ. ಆಂಟಿವೈರಸ್‌ಗಳಿಗೆ ಮೀಸಲಾದ ಹಂತ 320000ದಿಂದ 329998. ಡಿಫೆಂಡರ್‌ನ ಡಬ್ಲ್ಯುಡಿಫಿಲ್ಟರ್ 328010ರಲ್ಲಿ ಕೂರುತ್ತದೆ. ಈ ಹಂತದಲ್ಲಿ ಗುರುತಿಲ್ಲದ ಹೆಸರು ಕಂಡರೆ ಅದು ಯಾವ ಕಂಪನಿಯದೆಂದು ಪತ್ತೆ ಮಾಡಿ, ಆ ಕಂಪನಿಯದೇ ತೆರವು ಉಪಕರಣವನ್ನು ಸೇಫ್ ಮೋಡ್‌ನಲ್ಲಿ ಓಡಿಸಿ. ಡ್ರೈವರ್ ಫೈಲನ್ನು ಕೈಯಾರೆ ಅಳಿಸಿದರೆ ಬೂಟ್ ಆಗದೇ ಹೋಗಬಹುದು.

ವಿಎಂಮೆಮ್ (vmmem) ಎಂಬ ಹೆಸರು ಮೇಲಿದ್ದರೆ ಅದು ಆಂಟಿವೈರಸ್ ಅಲ್ಲ, ಡಬ್ಲ್ಯುಎಸ್‌ಎಲ್ ಅಥವಾ ಹೈಪರ್-ವಿ ಮಷೀನ್‌ನ ಒಳಗಿನ ಕೆಲಸ. ಒಳಗೆ ಹೋಗಿ, ಅದು ಲಿನಕ್ಸ್ ಆಗಿದ್ದರೆ ಟಾಪ್ (top) ಆಜ್ಞೆ ಓಡಿಸಿ ನೋಡಿ. ವರ್ಚುಯಲ್ ಮಷೀನ್‌ಗೆ 8 ಥ್ರೆಡ್‌ನಲ್ಲಿ 8ನ್ನೂ ಕೊಟ್ಟಿದ್ದರೆ 2ಕ್ಕೆ ಇಳಿಸಿ, ಹೆಚ್ಚೆಂದರೆ 4. ಎಲ್ಲವನ್ನೂ ಕೊಟ್ಟಾಗ ಹೊರಗಿನ ಸ್ಕ್ಯಾನರ್‌ಗೂ ಒಳಗಿನ ಮಷೀನ್‌ಗೂ ಸರದಿಯ ಜಗಳ ಹತ್ತುತ್ತದೆ.

ಒಂದು ಬದಲಾವಣೆ, ಒಂದು ರಿಸ್ಟಾರ್ಟ್, ಒಂದು ಅಳತೆ. ಮೂರು ಸೆಟ್ಟಿಂಗ್ ಒಟ್ಟಿಗೆ ಬದಲಿಸಿ ಯಂತ್ರ ಸರಿಹೋದರೆ ಯಾವುದನ್ನು ವಾಪಸ್ ಹಾಕಬಹುದು ಎಂದು ಗೊತ್ತಾಗುವುದಿಲ್ಲ, ರಕ್ಷಣೆ ಸುಮ್ಮನೆ ಆಫ್ ಆಗಿ ಉಳಿಯುತ್ತದೆ. ಪ್ರತಿ ಸಾಲಿನಲ್ಲಿ ದಿನಾಂಕ, ಬದಲಿಸಿದ್ದು, ಬಿಡುವಿನ ಶೇಕಡಾ, ಜಿಪ್‌ನ ಸೆಕೆಂಡ್, ಆಮೆ ಇದೆಯೇ ಇಲ್ಲವೇ ಎಂದು ಬರೆಯಿರಿ. ಪರಿಣಾಮ ಬೀರದ ಪ್ರತಿಯೊಂದು ಬದಲಾವಣೆಯನ್ನೂ ಮೊದಲಿನಂತೆ ಮಾಡಿಯೇ ಮುಂದಿನದಕ್ಕೆ ಹೋಗಿ. ಆಂಟಿವೈರಸ್‌ನ ಮುಂದಿನ ದೊಡ್ಡ ಅಪ್‌ಡೇಟ್ ಆದ ದಿನ ಟಿಕ್ ಇದ್ದಂತೆಯೇ ಇದೆಯೇ, ಎಂಎಸ್‌ಇನ್ಫೋದ ಸಾಲು ಬದಲಾಗಿದೆಯೇ ಎಂದು ಒಮ್ಮೆ ನೋಡಿ ಹಾಳೆಯಲ್ಲಿ ಇನ್ನೊಂದು ಸಾಲು ಸೇರಿಸಿ.